ವಾಟರ್ ಎಂಬುದು ನಾಮಪದವೋ ಕ್ರಿಯಾಪದವೋ? ಇಂಗ್ಲಿಷ್ ಪದಗಳ ಗುರುತು ಹಿಡಿಯುವ ಬಗೆ

ಶಾಲೆಗಳು ತೆರೆದ ಹೊಸತರಲ್ಲಿ ಒಂದು ಸಂಜೆ, ಕೋಲಾರದ ಹೊರವಲಯದಲ್ಲಿ ಟೊಮೆಟೊ ಬೆಳೆಯುವ ಮನೆಯ ಏಳನೇ ತರಗತಿಯ ಹುಡುಗಿಯೊಬ್ಬಳು ಇಂಗ್ಲಿಷ್ ನೋಟ್‌ಬುಕ್ ತೆರೆದಿಟ್ಟುಕೊಂಡು ನನ್ನ ಮುಂದೆ ಕುಳಿತಳು. ಅದರಲ್ಲಿದ್ದ ವಾಕ್ಯ ಇಷ್ಟೇ: ‘ವಿ ವಾಟರ್ ದ ಪ್ಲಾಂಟ್ಸ್ ಎವ್ರಿ ಮಾರ್ನಿಂಗ್.’ ಅಡಿಗೆರೆ ಎಳೆದ ‘ವಾಟರ್’ ನಾಮಪದವೋ ಕ್ರಿಯಾಪದವೋ ಎಂಬುದು ಪ್ರಶ್ನೆ. ನೀರು ಒಂದು ವಸ್ತು, ವಸ್ತುವಿನ ಹೆಸರು ನಾಮಪದ ಎಂದು ಕಂಠಪಾಠ ಮಾಡಿದ್ದ ಅವಳು ನಾಮಪದ ಎಂದೇ ಬರೆದಿದ್ದಳು, ಅದರ ಮೇಲೆ ಕೆಂಪು ಗೀಟು ಬಿದ್ದಿತ್ತು. ‘ಮಿಸ್, ನೀರು ಯಾವಾಗಿನಿಂದ ಕ್ರಿಯಾಪದ ಆಯಿತು?’ ಎಂದು ಅವಳು ಕೇಳಿದ್ದರಲ್ಲಿ ಹಟವಿರಲಿಲ್ಲ, ನಿಜವಾದ ಕಳವಳವಿತ್ತು.

2019ರಲ್ಲಿ ರಾಜ್ಯದ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಆರಂಭವಾದ ಮೇಲೆ ಇಂಥ ಪ್ರಶ್ನೆಗಳು ಶಾಲೆಯ ಗೋಡೆ ದಾಟಿ ಮನೆಯೊಳಕ್ಕೆ ಬಂದಿವೆ. ತಾವು ಕನ್ನಡ ಮಾಧ್ಯಮದಲ್ಲಿ ಓದಿದ ತಂದೆತಾಯಂದಿರು ಮಕ್ಕಳ ಹೋಂವರ್ಕ್ ಮುಂದೆ ಕುಳಿತು ಇದೇ ತೊಡಕಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ತೊಡಕು ಬುದ್ಧಿಯದಲ್ಲ. ಕನ್ನಡ ಒಂದು ಬಗೆಯಲ್ಲಿ ಪದದ ಗುರುತು ತೋರಿಸುತ್ತದೆ, ಇಂಗ್ಲಿಷ್ ಬೇರೊಂದು ಬಗೆಯಲ್ಲಿ ತೋರಿಸುತ್ತದೆ. ಆ ವ್ಯತ್ಯಾಸವನ್ನು ನಮಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ.

ಮೊದಲು ನಮ್ಮ ‘ಬೆಳೆ’ಯನ್ನೇ ನೋಡೋಣ

ಒಂದು ಚೀಟಿಯಲ್ಲಿ ‘ಬೆಳೆ’ ಎಂದಷ್ಟೇ ಬರೆದು ಯಾರ ಕೈಗಾದರೂ ಕೊಟ್ಟರೆ, ಅದು ಹೊಲದಲ್ಲಿ ನಿಂತಿರುವ ರಾಗಿಯ ಬೆಳೆಯೋ, ಬೆಳೆಯುವ ಕೆಲಸವನ್ನು ಹೇಳುವ ಧಾತುವೋ ಎಂದು ಅವರು ಹೇಳಲಾರರು. ಆದರೆ ‘ಬೆಳೆಯನ್ನು’, ‘ಬೆಳೆಗೆ’, ‘ಬೆಳೆಯಿಂದ’ ಎಂದು ಬರೆದೊಡನೆ ಅದು ನಾಮಪದವೆಂದು ಗೊತ್ತಾಗುತ್ತದೆ. ‘ಬೆಳೆದಳು’, ‘ಬೆಳೆಯುತ್ತಾನೆ’, ‘ಬೆಳೆಯಲಿ’ ಎಂದರೆ ಅದು ಕ್ರಿಯಾಪದ. ಪದದ ಮೈ ಒಂದೇ ಆದರೂ ಬಾಲ ಬೇರೆ. ಹಾಡು, ನಗು, ಅಳು, ಕೂಗು, ಕಟ್ಟು ಎಂಬ ಪದಗಳೂ ಹೀಗೆಯೇ. ಸಂತೆಯಲ್ಲಿ ‘ಸೊಪ್ಪಿನ ಕಟ್ಟಿಗೆ ಎಷ್ಟು?’ ಎಂದು ಕೇಳುವಾಗ ‘ಕಟ್ಟು’ ನಾಮಪದ. ಅಂಗಡಿಯಾಕೆ ‘ಆಗಲೇ ಕಟ್ಟಿದ್ದೇನೆ, ತಗೊಳ್ಳಿ’ ಎನ್ನುವಾಗ ಅದೇ ಕ್ರಿಯಾಪದ. ಕೇಳುವವರಿಗೆ ಎಲ್ಲಿಯೂ ಗೊಂದಲವಾಗುವುದಿಲ್ಲ.

ಈ ಬಾಲಗಳಿಗೆ ವ್ಯಾಕರಣದಲ್ಲಿ ಪ್ರತ್ಯಯ ಎಂದು ಹೆಸರು. ನಾಮಪ್ರಕೃತಿಗೆ ಸೇರುವವು ವಿಭಕ್ತಿ ಪ್ರತ್ಯಯಗಳು, ಧಾತುವಿಗೆ ಸೇರಿ ಕಾಲವನ್ನೂ ಕರ್ತೃವನ್ನೂ ತಿಳಿಸುವವು ಆಖ್ಯಾತ ಪ್ರತ್ಯಯಗಳು. 13ನೇ ಶತಮಾನದಲ್ಲಿ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ನಾಮಕ್ಕೆ ಒಂದು ಪ್ರಕರಣವನ್ನೂ ಆಖ್ಯಾತಕ್ಕೆ ಬೇರೊಂದು ಪ್ರಕರಣವನ್ನೂ ಮೀಸಲಿಟ್ಟದ್ದಕ್ಕೆ ಕಾರಣ ಇದೇ: ಕನ್ನಡದಲ್ಲಿ ಈ ಎರಡರ ಪ್ರತ್ಯಯಗಳು ಬೇರೆಬೇರೆ. ಹಾಗಾಗಿ ಕನ್ನಡ ಬಲ್ಲ ಮಗು ಪದದ ಕೊನೆಯನ್ನು ನೋಡಿ ಗುರುತು ಹಿಡಿಯುವ ಅಭ್ಯಾಸವನ್ನು ಮಾತು ಕಲಿಯುವಾಗಲೇ ಬೆಳೆಸಿಕೊಂಡಿರುತ್ತದೆ. ಇಂಗ್ಲಿಷ್ ಪದದ ಕೊನೆಯಲ್ಲಿಯೂ ಅದು ಅದನ್ನೇ ಹುಡುಕುತ್ತದೆ. ಅಲ್ಲಿ ಏನೂ ಸಿಗುವುದಿಲ್ಲ.

ಇಂಗ್ಲಿಷಿನ ಬಾಲ ಸವೆದುಹೋದ ಕಥೆ

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿಗೂ ಇಂಥ ಪ್ರತ್ಯಯಗಳಿದ್ದವು. ಆ ಹಳೆಯ ಇಂಗ್ಲಿಷಿನಲ್ಲಿ ‘ಲುವು’ ಎಂದರೆ ಪ್ರೀತಿ, ‘ಲುವಿಯನ್’ ಎಂದರೆ ಪ್ರೀತಿಸು. ‘ಪ್ರೀತಿ’ಗೆ ‘ಇಸು’ ಸೇರಿಸಿ ‘ಪ್ರೀತಿಸು’ ಮಾಡಿಕೊಳ್ಳುವ ನಮಗೆ ಇದು ಅಪರಿಚಿತ ಏರ್ಪಾಡೇನೂ ಅಲ್ಲ. ಮುಂದಿನ ನಾಲ್ಕೈದು ಶತಮಾನಗಳಲ್ಲಿ ಪದದ ಕೊನೆಯ ಉಚ್ಚಾರಣೆ ಸಡಿಲವಾಗುತ್ತ, ಪ್ರತ್ಯಯಗಳು ಒಂದೊಂದಾಗಿ ಸವೆದು, 1500ರ ಹೊತ್ತಿಗೆ ಅವುಗಳಲ್ಲಿ ಹೆಚ್ಚಿನವು ಕಾಣೆಯಾಗಿದ್ದವು. ‘ಲುವು’ ಮತ್ತು ‘ಲುವಿಯನ್’ ಎರಡೂ ಸವೆದು ‘ಲವ್’ ಎಂಬ ಒಂದೇ ರೂಪಕ್ಕೆ ಬಂದು ನಿಂತವು. ಡ್ರಿಂಕ್, ಸ್ಲೀಪ್, ಎಂಡ್ ಎಂಬ ಪದಗಳಿಗೂ ಆದದ್ದು ಅದೇ.

ಒಮ್ಮೆ ಬಾಲ ಇಲ್ಲವಾದ ಮೇಲೆ ಯಾವ ಪದವನ್ನಾದರೂ ಎತ್ತಿ ಇನ್ನೊಂದು ಜಾಗದಲ್ಲಿ ಕೂರಿಸುವುದು ಸುಲಭವಾಯಿತು, ಇಂಗ್ಲಿಷ್ ಮಾತನಾಡುವವರು ಅದನ್ನು ಇಂದಿಗೂ ಮಾಡುತ್ತಿದ್ದಾರೆ. ಗೂಗಲ್ ಎಂಬುದು ಒಂದು ಕಂಪನಿಯ ಹೆಸರು. ಅದನ್ನು ‘ಹುಡುಕು’ ಎಂಬರ್ಥದ ಕ್ರಿಯಾಪದವಾಗಿ 2006ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಸೇರಿಸಿಕೊಂಡಿತು.

ಕುಳಿತ ಜಾಗವೇ ಗುರುತು

ನಮ್ಮ ಹಳ್ಳಿಗಳಲ್ಲಿ ಒಬ್ಬರೇ ವ್ಯಕ್ತಿ ಬೆಳಗ್ಗೆ ಡೇರಿಯ ಸಾಲಿನಲ್ಲಿ ಕ್ಯಾನ್ ಹಿಡಿದು ನಿಂತಾಗ ಹಾಲು ಉತ್ಪಾದಕ, ಹತ್ತು ಗಂಟೆಗೆ ಪಂಚಾಯಿತಿ ಸಭೆಯಲ್ಲಿ ಕುಳಿತಾಗ ಸದಸ್ಯ, ಮಧ್ಯಾಹ್ನ ಶಾಲೆಗೆ ಬಂದಾಗ ಮಗುವಿನ ತಂದೆ. ‘ಈ ಮನುಷ್ಯ ಯಾರು?’ ಎಂದು ಕೇಳಿದರೆ ‘ಎಲ್ಲಿ ಕುಳಿತಿರುವಾಗ?’ ಎಂದು ಮರಳಿ ಕೇಳಬೇಕಾಗುತ್ತದೆ. ಇಂಗ್ಲಿಷ್ ಪದವೂ ಹಾಗೆಯೇ. ‘ಮಿಲ್ಕ್’ ಯಾವ ಪದ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ‘ಈ ವಾಕ್ಯದಲ್ಲಿ ಮಿಲ್ಕ್ ಯಾವ ಪದ’ ಎಂಬ ಪ್ರಶ್ನೆಗೆ ಮಾತ್ರ ಉತ್ತರವಿದೆ. ‘ದ ಮಿಲ್ಕ್ ಈಸ್ ಹಾಟ್’ ಎನ್ನುವಲ್ಲಿ ಅದು ಹಾಲು, ‘ದೇ ಮಿಲ್ಕ್ ದ ಕೌ’ ಎನ್ನುವಲ್ಲಿ ಅದು ಹಾಲು ಕರೆಯುವ ಕೆಲಸ.

ಜಾಗವನ್ನು ಅರಿಯಲು ವಾಕ್ಯದ ಕ್ರಮ ಗೊತ್ತಿರಬೇಕು. ಕನ್ನಡದಲ್ಲಿ ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ ಬರುವುದು ವಾಡಿಕೆ. ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಕ್ರಿಯಾಪದ ಬರುತ್ತದೆ, ಕರ್ಮ ಆಮೇಲೆ. ನಮ್ಮಲ್ಲಿ ‘ಗಿಡಗಳಿಗೆ ನೀರು ಹಾಕುತ್ತೇವೆ ನಾವು’ ಎಂದು ತಿರುಗುಮುರುಗು ಮಾಡಿದರೂ ಅರ್ಥ ಕೆಡುವುದಿಲ್ಲ, ಪ್ರತ್ಯಯಗಳು ಕಾಪಾಡುತ್ತವೆ. ಕಾಪಾಡುವ ಪ್ರತ್ಯಯವಿಲ್ಲದ ಇಂಗ್ಲಿಷ್ ಕ್ರಮವನ್ನು ಬಿಗಿಯಾಗಿ ಹಿಡಿದುಕೊಂಡಿದೆ. ‘ವಿ ವಾಟರ್ ದ ಪ್ಲಾಂಟ್ಸ್’ ಎಂಬಲ್ಲಿ ‘ವಿ’ ಕರ್ತೃ, ‘ದ ಪ್ಲಾಂಟ್ಸ್’ ಕರ್ಮ. ಅವೆರಡರ ನಡುವೆ ಉಳಿದಿರುವುದು ಕ್ರಿಯಾಪದದ ಜಾಗವೊಂದೇ, ಅಲ್ಲಿ ಕುಳಿತಿರುವುದು ‘ವಾಟರ್’. ಇಲ್ಲಿ ಅದರ ಅರ್ಥ ನೀರಲ್ಲ, ನೀರುಣಿಸು.

ನೆರೆಹೊರೆಯನ್ನು ನೋಡಿ ತಿಳಿಯುವುದು

ಜಾಗ ಗುರುತಿಸಲು ಅಕ್ಕಪಕ್ಕದ ಪದಗಳು ಬಹಳ ನೆರವಾಗುತ್ತವೆ. ಎ, ಆನ್, ದ, ಮೈ, ಯುವರ್, ದಿಸ್ ಮೊದಲಾದ ಪದಗಳು ಬಂದರೆ ಮುಂದೆ ಒಂದು ನಾಮಪದ ಬರುತ್ತದೆ. ಕ್ಯಾನ್, ವಿಲ್, ಮಸ್ಟ್, ಶುಡ್, ಡೋಂಟ್ ಇವು ಬಂದರೆ ಮುಂದೆ ಕ್ರಿಯಾಪದ ಬರುತ್ತದೆ. ‘ಮೈ ವಾಕ್’ ಎಂದರೆ ನನ್ನ ನಡಿಗೆ, ‘ಐ ವಿಲ್ ವಾಕ್’ ಎಂದರೆ ನಡೆಯುತ್ತೇನೆ. ನಡುವೆ ಗುಣವಾಚಕ ನುಸುಳಿರಬಹುದು: ‘ದ ಲಾಂಗ್ ವಾಕ್’ ಎಂಬಲ್ಲಿ ‘ದ’ ಕಾಯುತ್ತಿರುವುದು ‘ಲಾಂಗ್’ ಪದಕ್ಕಾಗಿ ಅಲ್ಲ, ಅದರಾಚೆಯ ‘ವಾಕ್’ ಪದಕ್ಕಾಗಿ. ಆದ್ದರಿಂದ ‘ದ’ ಕಂಡೊಡನೆ ಮುಂದಿನ ಪದಕ್ಕೇ ಮುದ್ರೆ ಒತ್ತದೆ, ಆ ಪದಗುಚ್ಛದ ಕೊನೆಯವರೆಗೆ ಕಣ್ಣು ಹಾಯಿಸಬೇಕು.

ಮಕ್ಕಳಿಗೆ ಇದನ್ನು ಬೇಗ ಮನಗಾಣಿಸುವುದು ರಸ್ತೆಬದಿಯ ಫಲಕಗಳು. ‘ನೋ ಎಂಟ್ರಿ’ ಎಂದೊಂದು ಫಲಕ, ‘ಡೂ ನಾಟ್ ಎಂಟರ್’ ಎಂದು ಇನ್ನೊಂದು. ಹೇಳುವ ವಿಷಯ ಒಂದೇ. ‘ನೋ’ ಪದದ ಜೊತೆ ನಾಮಪದ, ‘ಡೂ ನಾಟ್’ ಜೊತೆ ಕ್ರಿಯಾಪದ. ಕನ್ನಡದ ಫಲಕಗಳಲ್ಲಿಯೂ ಇದೇ ಜೋಡಿ ಕಾಣುತ್ತದೆ: ‘ಪ್ರವೇಶವಿಲ್ಲ’ ಎಂಬುದು ನಾಮಪದದಿಂದ ಕಟ್ಟಿದ್ದು, ‘ಪ್ರವೇಶಿಸಬೇಡಿ’ ಎಂಬುದು ಕ್ರಿಯಾಪದ. ಬಸ್ ನಿಲ್ದಾಣದಲ್ಲಿ ಕಾಯುವಾಗ ಮಗುವಿಗೆ ಈ ಎರಡನ್ನು ತೋರಿಸಿದರೆ ಅರ್ಧ ಗಂಟೆಯ ಪಾಠ ಉಳಿಯುತ್ತದೆ.

‘ಟು’ ಎಂಬ ಪದ ಮಾತ್ರ ಎರಡು ಕಡೆಗೂ ಸಲ್ಲುತ್ತದೆ. ‘ಟು ಸ್ಕೂಲ್’ ಎಂಬಲ್ಲಿ ಅದು ನಮ್ಮ ‘ಗೆ’ ಪ್ರತ್ಯಯದ ಕೆಲಸ ಮಾಡುತ್ತದೆ, ಮುಂದಿರುವುದು ನಾಮಪದ. ‘ಟು ಈಟ್’ ಎಂಬಲ್ಲಿ ಅದು ‘ತಿನ್ನಲು’ ಎಂಬುದರ ‘ಅಲು’, ಮುಂದಿರುವುದು ಕ್ರಿಯಾಪದ. ಕನ್ನಡಕ್ಕೆ ತಂದು ‘ಗೆ’ ಹೊಂದುತ್ತದೋ ‘ಅಲು’ ಹೊಂದುತ್ತದೋ ನೋಡಿದರೆ ಬಿಡಿಸಿಕೊಳ್ಳಬಹುದು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಭರವಸೆಯೆನಿಸಿರುವುದು ‘ನಿನ್ನೆ’ಯ ಪರೀಕ್ಷೆ. ವಾಕ್ಯವನ್ನು ನಿನ್ನೆಗೆ ಒಯ್ಯಬೇಕು. ಆಗ ಯಾವ ಪದದ ರೂಪ ಬದಲಾಗುತ್ತದೋ ಅದು ಕ್ರಿಯಾಪದ. ‘ವಿ ವಾಟರ್ಡ್ ದ ಪ್ಲಾಂಟ್ಸ್ ಯೆಸ್ಟರ್‌ಡೇ’ ಎಂದಾಗ ಬದಲಾದದ್ದು ‘ವಾಟರ್’ ಒಂದೇ. ಕಾಲವನ್ನು ಹೊರುವ ಶಕ್ತಿ ಕ್ರಿಯಾಪದಕ್ಕೆ ಬಿಟ್ಟರೆ ಬೇರೆ ಪದಕ್ಕಿಲ್ಲ, ಇದು ಕನ್ನಡಕ್ಕೂ ಇಂಗ್ಲಿಷಿಗೂ ಸಮಾನ. ಪುಟ್, ಕಟ್, ಹಿಟ್ ಮುಂತಾದ ಕೆಲವು ಮಾತ್ರ ನಿನ್ನೆಗೆ ಹೋದರೂ ಬದಲಾಗುವುದಿಲ್ಲ. ಅಂಥಲ್ಲಿ ವಾಕ್ಯವನ್ನು ನಾಳೆಗೆ ಒಯ್ದು, ‘ವಿಲ್’ ಯಾವ ಪದದ ಮುಂದೆ ಬಂದು ನಿಲ್ಲುತ್ತದೆ ಎಂದು ನೋಡಿದರಾಯಿತು.

ಎಸ್ ಅಕ್ಷರದ ಗೊಂದಲ

‘ದ ಫಾರ್ಮರ್ ಪ್ಲಾಂಟ್ಸ್ ದ ಪ್ಲಾಂಟ್ಸ್.’ ಈ ವಾಕ್ಯದಲ್ಲಿ ‘ಪ್ಲಾಂಟ್ಸ್’ ಎರಡು ಸಲ ಬಂದಿದೆ, ಎರಡಕ್ಕೂ ಕೊನೆಯಲ್ಲಿ ಎಸ್ ಇದೆ. ಎರಡನೆಯದು ನಾಮಪದ, ಅಲ್ಲಿ ಎಸ್ ಎಂದರೆ ‘ಗಳು’. ಮೊದಲನೆಯದು ಕ್ರಿಯಾಪದ, ಅಲ್ಲಿ ಎಸ್ ಎಂದರೆ ನೆಡುತ್ತಿರುವವರು ಒಬ್ಬರೇ ಎಂದು. ಒಂದೇ ಅಕ್ಷರ ನಾಮಪದದ ಮೇಲೆ ಬಹುವಚನವನ್ನೂ ಕ್ರಿಯಾಪದದ ಮೇಲೆ ಏಕವಚನವನ್ನೂ ಹೇಳುತ್ತದೆ ಎಂಬುದು ಮಕ್ಕಳನ್ನು ನಿಜವಾಗಿಯೂ ಕಾಡುವ ಸಂಗತಿ. ರೈತರು ಹಲವರಾದರೆ ‘ದ ಫಾರ್ಮರ್ಸ್ ಪ್ಲಾಂಟ್’ ಎಂದಾಗುತ್ತದೆ: ಎಸ್ ಕರ್ತೃವಿನ ಮೇಲೆ ಬಂದರೆ ಕ್ರಿಯಾಪದದಿಂದ ಹೊರಡುತ್ತದೆ. ಮೆನ್, ಚಿಲ್ಡ್ರನ್ ಎಂಬಂಥ ಬಹುವಚನಗಳಿಗೆ ಎಸ್ ಇರುವುದಿಲ್ಲವಾದರೂ ಕ್ರಿಯಾಪದದಲ್ಲಿ ಅದು ಇಲ್ಲವಾಗುವುದು ಹಾಗೆಯೇ.

ಕ್ರಿಯೆಯೇ ಕಾಣದ ಕ್ರಿಯಾಪದ

ಕ್ರಿಯಾಪದವೆಂದರೆ ಕೆಲಸವನ್ನು ಹೇಳುವ ಪದ ಎಂಬ ವ್ಯಾಖ್ಯೆ ತಪ್ಪಲ್ಲ, ಸಾಲದು. ‘ಮೈ ಮದರ್ ಈಸ್ ಎ ಟೀಚರ್’ ಎಂಬಲ್ಲಿ ಯಾರೂ ಏನೂ ಮಾಡುತ್ತಿಲ್ಲ. ಆದರೂ ‘ಈಸ್’ ಕ್ರಿಯಾಪದ. ನಿನ್ನೆಗೆ ಒಯ್ದರೆ ಅದೇ ‘ವಾಸ್’ ಆಗುತ್ತದೆ. ಕನ್ನಡದಲ್ಲಿ ‘ನನ್ನ ತಾಯಿ ಟೀಚರ್’ ಎಂದರೆ ವಾಕ್ಯ ಪೂರ್ಣವಾಯಿತು, ಕ್ರಿಯಾಪದದ ಅಗತ್ಯವೇ ಬೀಳಲಿಲ್ಲ. ಇಂಗ್ಲಿಷ್ ಅದನ್ನು ಒಪ್ಪುವುದಿಲ್ಲ, ಅದರ ಪ್ರತಿಯೊಂದು ಪೂರ್ಣ ವಾಕ್ಯಕ್ಕೂ ಕ್ರಿಯಾಪದ ಬೇಕೇ ಬೇಕು. ನಮ್ಮ ಮಕ್ಕಳು ‘ಮೈ ಫಾದರ್ ಫಾರ್ಮರ್’ ಎಂದು ಬರೆಯುವುದು ಅಜಾಗರೂಕತೆಯಿಂದಲ್ಲ. ಅವರು ಒಳ್ಳೆಯ ಕನ್ನಡ ವಾಕ್ಯವನ್ನು ಇಂಗ್ಲಿಷ್ ಪದಗಳಲ್ಲಿ ಬರೆದಿರುತ್ತಾರೆ, ಅಷ್ಟೇ. ಇದನ್ನು ತಿಳಿದು ತಿದ್ದಿದರೆ ಮಗು ಕುಗ್ಗುವುದಿಲ್ಲ.

ನಾಮಪದದ ಕಡೆಯೂ ಹೀಗೆಯೇ. ಅರೈವಲ್, ಮೂವ್‌ಮೆಂಟ್, ಸೆಲೆಕ್ಷನ್ ಇವು ಕೆಲಸವನ್ನೇ ಹೇಳಿದರೂ ನಾಮಪದಗಳು, ಏಕೆಂದರೆ ಇವು ಆ ಕೆಲಸದ ಹೆಸರುಗಳು. ಓಡು ಎಂಬುದರಿಂದ ಓಟ, ನೋಡು ಎಂಬುದರಿಂದ ನೋಟ, ಆಡು ಎಂಬುದರಿಂದ ಆಟ ಬಂದಂತೆ. ಶಾಲೆಯಲ್ಲಿ ಇವನ್ನು ಕೃದಂತ ಭಾವನಾಮ ಎಂದು ಕಲಿತದ್ದು ಹಲವರಿಗೆ ನೆನಪಿರಬಹುದು. ಬಾಲ ಸವೆದ ಇಂಗ್ಲಿಷಿನಲ್ಲಿಯೂ ಇಲ್ಲಿ ಕೆಲವು ಬಾಲಗಳು ಉಳಿದಿವೆ: ‘ಮೆಂಟ್’, ‘ಷನ್’, ‘ನೆಸ್’ ಎಂದು ಮುಗಿಯುವವು ಬಹುಮಟ್ಟಿಗೆ ನಾಮಪದಗಳು, ‘ಐಸ್’, ‘ಫೈ’ ಎಂದು ಮುಗಿಯುವ ಆರ್ಗನೈಸ್, ಪ್ಯೂರಿಫೈ ಮೊದಲಾದವು ಕ್ರಿಯಾಪದಗಳು.

ಮಂಡಿಯಲ್ಲಿ, ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ

ಕೋಲಾರದ ಟೊಮೆಟೊ ಮಂಡಿಯಲ್ಲಿ ‘ಲೋಡ್ ಬಂತು’ ಎನ್ನುತ್ತಾರೆ, ‘ಬೇಗ ಲೋಡ್ ಮಾಡಿ’ ಎಂದೂ ಎನ್ನುತ್ತಾರೆ. ಇಂಗ್ಲಿಷಿನ ‘ಲೋಡ್’ ತಾನೇ ನಾಮಪದವೂ ಹೌದು, ಕ್ರಿಯಾಪದವೂ ಹೌದು. ಕನ್ನಡ ಮಾತ್ರ ಅದನ್ನು ನಾಮಪದದಂತೆಯೇ ಒಳಗೆ ಕರೆದುಕೊಂಡು, ಕ್ರಿಯೆ ಬೇಕಾದಾಗ ‘ಮಾಡು’ ಎಂಬ ತನ್ನದೇ ಧಾತುವನ್ನು ಜೊತೆಗೆ ಕೊಡುತ್ತದೆ. ಫೋನ್ ಮಾಡು, ಪಾರ್ಸಲ್ ಮಾಡು, ಬುಕ್ ಮಾಡು, ಎಲ್ಲವೂ ಹೀಗೆ. ಇದರಿಂದ ಅನುಕೂಲವೂ ಇದೆ, ಅಪಾಯವೂ ಇದೆ. ಅನುಕೂಲವೇನೆಂದರೆ, ಒಂದು ಇಂಗ್ಲಿಷ್ ವಾಕ್ಯವನ್ನು ಕನ್ನಡಕ್ಕೆ ತರುವಾಗ ಆ ಪದಕ್ಕೆ ‘ಮಾಡು’ ಬೇಕೆನಿಸಿದರೆ ಅದು ಅಲ್ಲಿ ಬಹುಪಾಲು ಕ್ರಿಯಾಪದ, ‘ಅನ್ನು’ ಅಥವಾ ‘ಗೆ’ ಸೇರಿದರೆ ನಾಮಪದ. ಅಪಾಯವೇನೆಂದರೆ, ಮಕ್ಕಳು ‘ಮಾಡು’ವನ್ನೂ ಇಂಗ್ಲಿಷಿಗೆ ಹೊತ್ತೊಯ್ದು ‘ಐ ಡಿಡ್ ಫೋನ್ ಟು ಹಿಮ್’ ಎಂದು ಬರೆಯುತ್ತಾರೆ. ‘ಐ ಫೋನ್ಡ್ ಹಿಮ್’ ಎಂದರೆ ಸಾಕು, ‘ಫೋನ್’ ತಾನೇ ಕ್ರಿಯಾಪದವಾಗಬಲ್ಲದು.

ಶಿಡ್ಲಘಟ್ಟದ ರೇಷ್ಮೆ ಮನೆಗಳಲ್ಲಿ ಇಂಗ್ಲಿಷ್ ಓದದವರೂ ‘ರೀಲರ್’, ‘ರೀಲಿಂಗ್’ ಎನ್ನುತ್ತಾರೆ. ‘ರೀಲ್’ ಎಂದರೆ ನೂಲು ಸುತ್ತುವ ಸುರುಳಿ, ಗೂಡಿನಿಂದ ನೂಲು ಬಿಚ್ಚಿ ಸುತ್ತುವ ಕೆಲಸವೂ ‘ರೀಲ್’. ಆ ಕೆಲಸ ಮಾಡುವವರು ರೀಲರ್, ಇದು ನಾಮಪದ. ‘ರೀಲಿಂಗ್’ ಎಂಬುದನ್ನು ಮಾತ್ರ ನಿಂತು ನೋಡಬೇಕು. ‘ಶೀ ಈಸ್ ರೀಲಿಂಗ್ ಸಿಲ್ಕ್’ ಎಂಬಲ್ಲಿ ಅದು ‘ಈಸ್’ ಜೊತೆ ಸೇರಿ ಕ್ರಿಯಾಪದವಾಗಿದೆ. ‘ರೀಲಿಂಗ್ ಈಸ್ ಹಾರ್ಡ್ ವರ್ಕ್’ ಎಂಬಲ್ಲಿ ಕರ್ತೃವಿನ ಜಾಗದಲ್ಲಿ ಕುಳಿತು ನಾಮಪದದ ಕೆಲಸ ಮಾಡುತ್ತಿದೆ. ಕನ್ನಡದಲ್ಲಿ ಮೊದಲನೆಯದು ‘ತೆಗೆಯುತ್ತಿದ್ದಾಳೆ’, ಎರಡನೆಯದು ‘ತೆಗೆಯುವುದು’. ‘ಉತ್ತ’ ಬಂದರೆ ಕ್ರಿಯೆ, ‘ಉವುದು’ ಬಂದರೆ ಹೆಸರು ಎಂದು ಹೇಳಿಕೊಟ್ಟ ಮೇಲೆ ಇದರಲ್ಲಿ ಎಡವಿದ ಮಕ್ಕಳನ್ನು ನಾನು ಕಂಡದ್ದು ಕಡಿಮೆ.

ವಸ್ತುವಿನ ಹೆಸರು ಕ್ರಿಯಾಪದವಾದಾಗ ಅರ್ಥ ಎತ್ತ ಹೋಗುತ್ತದೆ ಎಂಬುದೂ ಗಮನಿಸತಕ್ಕದ್ದು. ‘ಸಾಲ್ಟ್’ ಎಂದರೆ ಉಪ್ಪು ಹಾಕು, ‘ಬಟರ್’ ಎಂದರೆ ಬೆಣ್ಣೆ ಸವರು, ಅಂದರೆ ಆ ವಸ್ತುವನ್ನು ಸೇರಿಸುವುದು. ತಿಪಟೂರಿನ ಕಡೆ ತೆಂಗಿನಕಾಯಿಯ ಸಿಪ್ಪೆ ಸುಲಿಯುವುದನ್ನು ಇಂಗ್ಲಿಷಿನಲ್ಲಿ ಹೇಳಬೇಕಾದರೆ ‘ಹಸ್ಕ್’ ಎನ್ನಬೇಕು. ನಾಮಪದವಾಗಿ ‘ಹಸ್ಕ್’ ಎಂದರೆ ಸಿಪ್ಪೆಯೇ, ಕ್ರಿಯಾಪದವಾದಾಗ ಅದನ್ನು ತೆಗೆಯುವುದು! ಕಡಲೆಕಾಯಿಯ ‘ಶೆಲ್’, ಹಣ್ಣಿನ ‘ಪೀಲ್’ ಕೂಡ ಹೀಗೆಯೇ. ‘ಡಸ್ಟ್’ ಎರಡೂ ಕಡೆಗೆ ಸಲ್ಲುತ್ತದೆ: ಮೇಜಿನ ಧೂಳು ಒರೆಸುವುದೂ ಡಸ್ಟ್, ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟದಲ್ಲಿ ಬೂದಿರೋಗಕ್ಕೆ ಗಂಧಕದ ಪುಡಿ ಎರಚುವುದೂ ಡಸ್ಟ್. ಯಾವುದು ಎಂಬುದನ್ನು ಸಂದರ್ಭ ಹೇಳುತ್ತದೆ.

ಎಲ್ಲ ನಾಮಪದಗಳೂ ಹೀಗೆ ಜಾಗ ಬದಲಿಸುತ್ತವೆ ಎಂದಲ್ಲ. ಶ್ರೀನಿವಾಸಪುರದ ‘ಮ್ಯಾಂಗೋ’ ನಾಮಪದವಾಗಿಯೇ ಉಳಿದಿದೆ. ಆದರೆ ‘ಮೈನ್’ ಪದವನ್ನು ನೋಡಿ. 2001ರಲ್ಲಿ ಮುಚ್ಚಿದ ಕೆಜಿಎಫ್ ಚಿನ್ನದ ಗಣಿಯ ಬಗ್ಗೆ ‘ದೇ ಮೈನ್ಡ್ ಗೋಲ್ಡ್ ಇನ್ ದಿಸ್ ಮೈನ್’ ಎಂದು ಬರೆದರೆ, ಮೊದಲನೆಯದು ಗಣಿಯಿಂದ ತೆಗೆಯುವ ಕೆಲಸ, ಕೊನೆಯದು ಗಣಿ. ‘ದಿಸ್ ಬುಕ್ ಈಸ್ ಮೈನ್’ ಎಂದರೆ ಅದು ‘ನನ್ನದು’ ಎಂಬ ಸರ್ವನಾಮ.

ಕಿವಿಗೆ ಮಾತ್ರ ಕೇಳುವ ವ್ಯತ್ಯಾಸ

ಬರವಣಿಗೆಯಲ್ಲಿ ಒಂದೇ ಆಗಿರುವ ಕೆಲವು ಪದಗಳು ಉಚ್ಚಾರಣೆಯಲ್ಲಿ ಬೇರೆಯಾಗುತ್ತವೆ. ಎಪಿಎಂಸಿ ಎಂಬುದರಲ್ಲಿ ‘ಪಿ’ ಎಂದರೆ ಪ್ರಾಡ್ಯೂಸ್, ಕೃಷಿ ಉತ್ಪನ್ನ. ಇದು ನಾಮಪದ, ಒತ್ತು ಮೊದಲ ಅಕ್ಷರದ ಮೇಲೆ ಬೀಳುತ್ತದೆ. ಉತ್ಪಾದಿಸು ಎಂಬರ್ಥದಲ್ಲಿ ಒತ್ತು ಎರಡನೆಯ ಭಾಗಕ್ಕೆ ಸರಿದು ‘ಪ್ರೊಡ್ಯೂಸ್’ ಎಂದು ಕೇಳಿಸುತ್ತದೆ. ರೆಕಾರ್ಡ್, ಪರ್ಮಿಟ್, ಎಕ್ಸ್‌ಪೋರ್ಟ್, ಪ್ರೆಸೆಂಟ್ ಇವೂ ಹೀಗೆಯೇ, ಮೊದಲ ಭಾಗಕ್ಕೆ ಒತ್ತು ಬಿದ್ದರೆ ನಾಮಪದ, ಎರಡನೆಯದಕ್ಕೆ ಬಿದ್ದರೆ ಕ್ರಿಯಾಪದ. ಕನ್ನಡದಲ್ಲಿ ಒತ್ತಿನಿಂದ ಪದದ ಅರ್ಥ ಬದಲಾಗುವುದಿಲ್ಲವಾದ್ದರಿಂದ ನಮ್ಮ ಕಿವಿ ಇದನ್ನು ಹಿಡಿಯಲು ಸ್ವಲ್ಪ ಸಮಯ ಬೇಕು.

ಇನ್ನು ಕೆಲವದರಲ್ಲಿ ಕೊನೆಯ ಧ್ವನಿ ಬದಲಾಗುತ್ತದೆ. ‘ಯೂಸ್’ ಎಂದರೆ ಉಪಯೋಗ, ‘ಯೂಝ್’ ಎಂದರೆ ಉಪಯೋಗಿಸು, ಕಾಗುಣಿತ ಒಂದೇ. ಅಡ್ವೈಸ್ ಎಂಬ ಸಲಹೆಯನ್ನು ಸಿ ಅಕ್ಷರ ಹಾಕಿ ಬರೆಯಬೇಕು, ಸಲಹೆ ನೀಡು ಎಂಬ ಅಡ್ವೈಝ್ ಪದವನ್ನು ಎಸ್ ಅಕ್ಷರ ಹಾಕಿ. ನಮ್ಮ ಶಾಲೆಗಳು ಅನುಸರಿಸುವ ಬ್ರಿಟಿಷ್ ಪದ್ಧತಿಯಲ್ಲಿ ಪ್ರಾಕ್ಟಿಸ್ ಪದಕ್ಕೂ ಇದೇ ನಿಯಮ, ಆದರೆ ಅದರ ಉಚ್ಚಾರಣೆ ಎರಡರಲ್ಲಿಯೂ ಒಂದೇ.

ಅನುಮಾನ ಬಂದಾಗ ನಿಘಂಟು ತೆರೆಯುವುದು ಒಳ್ಳೆಯದು, ಆದರೆ ಮೊದಲ ಸಾಲಿಗೇ ನಿಲ್ಲಬಾರದು. ನಿಘಂಟು ಪದದ ಮುಂದೆ ನಾಮಪದಕ್ಕೆ ಎನ್ ಎಂದೂ ಕ್ರಿಯಾಪದಕ್ಕೆ ವಿ ಎಂದೂ ಗುರುತು ಹಾಕಿ ಎರಡೂ ಅರ್ಥಗಳನ್ನು ಬೇರೆಬೇರೆಯಾಗಿ ಕೊಟ್ಟಿರುತ್ತದೆ. ನಮ್ಮ ವಾಕ್ಯದಲ್ಲಿರುವುದು ಯಾವುದು ಎಂದು ಅದು ಹೇಳಲಾರದು, ಅದನ್ನು ಜಾಗ ನೋಡಿ ನಾವೇ ತಿಳಿಯಬೇಕು.

ಆ ಹುಡುಗಿ ಮರುವಾರ ಬಂದಾಗ ನೋಟ್‌ಬುಕ್‌ನ ಅಂಚಿನಲ್ಲಿ ತಾನೇ ಒಂದು ವಾಕ್ಯ ಬರೆದುಕೊಂಡು ಬಂದಿದ್ದಳು. ಅವರ ಬೋರ್‌ವೆಲ್‌ನಲ್ಲಿ ಆ ತಿಂಗಳು ನೀರು ಕಡಿಮೆಯಾಗಿತ್ತು. ‘ವಿ ಹ್ಯಾವ್ ನೋ ವಾಟರ್ ಟು ವಾಟರ್ ದ ಪ್ಲಾಂಟ್ಸ್’ ಎಂದು ಬರೆದು, ಮೊದಲ ‘ವಾಟರ್’ ಕೆಳಗೆ ಎನ್ ಎಂದೂ ಎರಡನೆಯದರ ಕೆಳಗೆ ವಿ ಎಂದೂ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದಳು.